ಕಿವಿಯ ಅಳತೆ

ನಮ್ಮ ಮನೆಯ ಸ್ಟೀರಿಯೋಗೆ ಹೊಸ ಪ್ರೀಆಂಪ್ಲಿಫೈಯರ್ ಬೇಕು ಎಂದು ನನಗೆ ತಾನಾಗಿಯೇ ಅನ್ನಿಸಿದ್ದಲ್ಲ. ಅನ್ನಿಸುವಂತೆ ಮಾಡಿದವರು ನಿಜಲಿಂಗಪ್ಪ ಬಡಾವಣೆಯ ಒಬ್ಬ ಹಲ್ಲಿನ ಡಾಕ್ಟರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ತಪ್ಪು ಹೊರಿಸಲು ನನಗೆ ಇವರೊಬ್ಬರನ್ನು ಬಿಟ್ಟರೆ ಯಾರೂ ಸಿಗುವುದಿಲ್ಲ, ಇವರ ಮೇಲೂ ಪೂರ್ತಿ ಹೊರಿಸುವಂತಿಲ್ಲ. ಪಾಪ, ಅವರು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಹೇಳಿದರು.

ಗೊತ್ತಿಲ್ಲದವರಿಗೆ ಒಂದು ಮಾತು. ರೆಕಾರ್ಡ್ ಪ್ಲೇಯರಿನ ಮುಳ್ಳು ಎತ್ತಿಕೊಡುವ ಸದ್ದು ತೀರಾ ಸಣ್ಣದು. ಅದನ್ನು ಹಾಗೇ ದೊಡ್ಡ ಆಂಪ್ಲಿಫೈಯರಿಗೆ ಕೊಟ್ಟರೆ ಸ್ಪೀಕರಿನಿಂದ ಇರುವೆ ಹರಿದಷ್ಟೂ ಸದ್ದು ಬರುವುದಿಲ್ಲ. ನಡುವೆ ಒಂದು ಪೆಟ್ಟಿಗೆ ಕೂತು ಅದನ್ನು ಹದಕ್ಕೆ ತರಬೇಕು. ದಪ್ಪ ಸ್ವರ ಎಷ್ಟು, ಚೂಪು ಸ್ವರ ಎಷ್ಟು ಎಂದು ತೂಗಿ ಮುಂದಕ್ಕೆ ಕಳಿಸಬೇಕು. ಅದೇ ಪ್ರೀಆಂಪ್. ಅಡಿಗೆಗೆ ಉಪ್ಪು ಹಾಕುವ ಕೈ ಇದ್ದ ಹಾಗೆ. ಸರಿಯಾಗಿದ್ದಾಗ ಯಾರೂ ಅದನ್ನು ನೆನೆಯುವುದಿಲ್ಲ.

ನನ್ನ ಪ್ರೀಆಂಪನ್ನು ಮಾಡಿಕೊಟ್ಟವನು ಹರಿಹರದ ನನ್ನ ಗೆಳೆಯ. ಐಟಿಐಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಹೊರಬಿದ್ದ ಮೇಲೆ ಅವನು ಹರಿಹರದಲ್ಲೇ ಒಂದು ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್ ಸೇರಿದ, ನಾನು ದಾವಣಗೆರೆಯ ಹತ್ತಿ ಮಿಲ್ಲಿನ ಮಗ್ಗದ ಶೆಡ್ಡಿಗೆ ಹೋದೆ. ಆ ಶೆಡ್ಡಿನಲ್ಲಿ ಹದಿಮೂರು ವರ್ಷ ಇದ್ದೆ. ಪಕ್ಕದಲ್ಲಿ ನಿಂತವನಿಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕಿತ್ತು, ಇಲ್ಲವೇ ಕೈಸನ್ನೆ. ಮಿಲ್ಲು ಮುಚ್ಚಿತು. ನಾನು ಮಾವನವರ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತೆ. ಕೆಲವು ವರ್ಷಕ್ಕೆ ಅವನ ಕಾರ್ಖಾನೆಯ ಕೆಲಸವೂ ಹೋಯಿತು. ಅವನು ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಮೈಕ್ ಸೆಟ್, ಟೇಪ್ ರೆಕಾರ್ಡರ್ ರಿಪೇರಿಗೆ ಕೂತ. ಮನೆಯವರ ಜೊತೆ ಉರ್ದು, ನನ್ನ ಜೊತೆ ಕನ್ನಡ, ಕಾದ ಸೋಲ್ಡರ್ ಕಡ್ಡಿ ಕೈಯಲ್ಲಿದ್ದಾಗ ಯಾರ ಜೊತೆಗೂ ಯಾವ ಮಾತೂ ಇಲ್ಲ.

ಕಾರ್ಖಾನೆಯಲ್ಲಿದ್ದಾಗ ಬಿಡುವಿನಲ್ಲಿ ಸೆಟ್ ಮಾಡುತ್ತಿದ್ದ ಕಾಲದಿಂದಲೂ ಅವನದೊಂದು ಪದ್ಧತಿ ಇತ್ತು. ಯಾರಿಗೇ ಹಾಡಿನ ಸೆಟ್ ಮಾಡಿಕೊಡುವ ಮೊದಲು ಅವರ ಕಿವಿಯ ಅಳತೆ ತೆಗೆದುಕೊಳ್ಳುತ್ತಿದ್ದ. ಸ್ಟೂಲಿನ ಮೇಲೆ ಕೂರಿಸಿ, ಕುಂಯ್ ಎಂದು ಸದ್ದು ಮಾಡುವ ಒಂದು ಸಣ್ಣ ಡಬ್ಬಿಯನ್ನು ತಿರುಗಿಸುತ್ತಾ ಹೋಗುವನು. ದಪ್ಪ ಸದ್ದಿನಿಂದ ಶುರುವಾಗಿ ಸೂಜಿಯ ಮೊನೆಯಂಥ ಸದ್ದಿನವರೆಗೆ. ಕೇಳಿಸಿದಾಗ ಬೆರಳು ಎತ್ತಬೇಕು. ಅದನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಪುಟದಂತೆ, ಪೆನ್ಸಿಲಿನ ಗೀಟಾಗಿ ಬರೆದುಕೊಳ್ಳುತ್ತಿದ್ದ. ಜನ ನಗುತ್ತಿದ್ದರು.

"ಯಾಕ ನಗ್ತೀರಿ? ಅಂಗಿ ಹೊಲಿಯೋನು ಭುಜ ಅಳೀತಾನೆ, ನಾನು ಕಿವಿ ಅಳೀತೀನಿ" ಎನ್ನುವನು.

ನಾನು ಮಿಲ್ಲಿಗೆ ಸೇರಿದ ಹೊಸತರಲ್ಲಿ ನನ್ನ ಅಳತೆ ತೆಗೆದ. ಡಬ್ಬಿಯ ಗುಂಡಿ ಕೊನೆಗೆ ತಾಗುವವರೆಗೂ ನನ್ನ ಬೆರಳು ಮೇಲೇ ಇತ್ತು. "ಲೇ, ನಿಂದು ಬಂಗಾರದ ಕಿವಿ ಕಣೋ" ಎಂದ. ಅದೊಂದು ಮಾತನ್ನು ನಾನು ನಲವತ್ತು ವರ್ಷ ಉಂಡೆ. ಅಂಗಡಿಯಲ್ಲಿ, ಮದುವೆ ಮನೆಗಳಲ್ಲಿ, ಸಂಗೀತ ಕಚೇರಿ ಮುಗಿದ ಮೇಲೆ ಗಾಯಕರ ಎದುರಿಗೂ ಹೇಳಿಕೊಂಡಿದ್ದೇನೆ. ಯಾರ ಶ್ರುತಿ ಎಲ್ಲಿ ಜಾರಿತು ಎಂದು ತೀರ್ಪು ಕೊಡುವ ಅಧಿಕಾರ ನನಗೆ ಹರಿಹರದ ಒಂದು ಸ್ಟೂಲಿನ ಮೇಲೆ ಸಿಕ್ಕಿತ್ತು.

ಅವನು ಮಾಡಿಕೊಟ್ಟ ಪೆಟ್ಟಿಗೆ ನೋಡಲು ಚೆಂದವೇನೂ ಇರಲಿಲ್ಲ. ಅಲ್ಯೂಮಿನಿಯಂ ತಗಡು, ಮುಂದೆ ಒಂದು ಸಾಗವಾನಿ ಹಲಗೆ, ಅದರಲ್ಲಿ ಕರಿ ಗುಂಡಿಗಳು. ಹನ್ನೆರಡು ವರ್ಷದ ಕೆಳಗೆ ಒಂದು ಸಲ ಅವನೇ ಬಂದು, ಸರ್ವಿಸ್ ಮಾಡ್ತೀನಿ ಎಂದು ಅದನ್ನು ಎತ್ತಿಕೊಂಡು ಹೋದ. ವಾರ ಬಿಟ್ಟು ತಂದಾಗ ದಪ್ಪ ಸ್ವರದ ಗುಂಡಿ, ಚೂಪು ಸ್ವರದ ಗುಂಡಿ ಎರಡೂ ಮಾಯವಾಗಿ, ಹಲಗೆಯ ತೂತುಗಳಿಗೆ ಬಿರಡೆ ಬಿದ್ದಿತ್ತು.

"ಇವು ಎಲ್ಲಿಗೆ ಹೋದ್ವೋ?" ಎಂದೆ.

"ಅವು ಇದ್ರ ನೀನು ದಿನಾ ತಿರುಗಿಸ್ತಿ. ನಾನು ಹದ ಇಟ್ಟೀನಿ. ಇನ್ನು ಮುಟ್ಟಬ್ಯಾಡ."

ಆ ಸಂಜೆ ರೆಕಾರ್ಡ್ ಹಾಕಿದಾಗ ನನಗೆ ಕಣ್ಣಲ್ಲಿ ನೀರು ಬಂತು. ತಂಬೂರಿಯ ಎಳೆ ಎಳೆಯೂ ಬಿಡಿಯಾಗಿ ಕೇಳುತ್ತಿತ್ತು. ತಬಲಾದ ಅಂಚಿನ ಪೆಟ್ಟು, ಗಾಯಕ ಉಸಿರು ಎಳೆದುಕೊಳ್ಳುವ ಸದ್ದು, ಎಷ್ಟೋ ವರ್ಷದಿಂದ ಕಾಣೆಯಾಗಿದ್ದವೆಲ್ಲ ಮನೆಗೆ ವಾಪಸು ಬಂದಿದ್ದವು. ಏನು ಮಾಡಿದೆ ಎಂದು ಕೇಳಿದರೆ, ಹಳೆಯ ಕಂಡೆನ್ಸರ್ ಕಿತ್ತು ಹೊಸದು ಹಾಕೀನಿ ಎಂದ. ನನ್ನ ಹೆಂಡತಿ ಟೀ ಕೊಟ್ಟು, ಒಣಗಿದ ಬಟ್ಟೆ ತರುತ್ತೇನೆಂದು ಮಹಡಿಗೆ ಹೋದಳು.

ಅಂದಿನಿಂದ ಇದೇ ರೂಢಿಯಾಯಿತು. ತಿಂಗಳಿಗೆ ಒಂದು ಭಾನುವಾರ ಅವನು ಹರಿಹರದಿಂದ ಬಸ್ಸಿನಲ್ಲಿ ಬರುವನು, ದಾರಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು. ಯಾವಾಗಲೂ ನನ್ನ ಬಲಗಡೆಯೇ ಕೂರುವನು. ಮಾತು ಮಾತ್ರ ಬೀದಿಗೆಲ್ಲ ಕೇಳುವಂತೆ. ಕಾರ್ಖಾನೆಯ ಚಾಳಿ ಬಿಟ್ಟಿಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆ ಕುಂಯ್ ಡಬ್ಬಿಯನ್ನೂ ತರುತ್ತಿದ್ದ; ಸ್ಪೀಕರ್ ಚೆಕ್ ಮಾಡಬೇಕು, ಎಲ್ಲಿವರೆಗೆ ಕೇಳಿಸ್ತೈತೆ ಹೇಳು ಎನ್ನುವನು. ನಾನು ಬೆರಳು ಎತ್ತುತ್ತಿದ್ದೆ. ರೆಕಾರ್ಡ್ ಶುರುವಾದರೆ ಹೆಂಡತಿಗೆ ಮಹಡಿಯ ಮೇಲೆ ಏನಾದರೂ ಕೆಲಸ ನೆನಪಾಗುತ್ತಿತ್ತು. ನಿನಗೆ ಸಂಗೀತದ ಗಂಧವಿಲ್ಲ ಎಂದು ಅವನೆದುರಿಗೇ ಬೈಯುತ್ತಿದ್ದೆ. ಅವನು ತಲೆ ತಗ್ಗಿಸಿ ಮಂಡಕ್ಕಿ ತಿನ್ನುತ್ತಿದ್ದ.

ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟ ಮೇಲೆ ನನಗೆ ಹೊತ್ತು ಜಾಸ್ತಿಯಾಯಿತು. ಸ್ಟೀರಿಯೋ ಹುಚ್ಚಿನವರ ಒಂದು ವಾಟ್ಸಾಪ್ ಗುಂಪು ದಾವಣಗೆರೆಯಲ್ಲೂ ಇದೆ ಎಂದು ಗೊತ್ತಾಗಿ ಸೇರಿಕೊಂಡೆ. ಹಲ್ಲಿನ ಡಾಕ್ಟರು ಅದರ ಹಿರೀಕರು, ವಯಸ್ಸಿನಲ್ಲಲ್ಲ, ಸಾಮಾನಿನಲ್ಲಿ. ಒಂದು ದಿನ ಸರಸ್ವತಿ ನಗರದ ನಮ್ಮ ಮನೆಗೆ ಬಂದರು. ನಾನು ಬಂಗಾರದ ಕಿವಿಯ ಕಥೆ ಹೇಳಿ ಮುಗಿಸಿ ರೆಕಾರ್ಡ್ ಹಾಕಿದೆ. ಅರ್ಧ ಹಾಡಾಗಿರಲಿಲ್ಲ, ಅವರು ತಲೆ ಕೆರೆದುಕೊಳ್ಳುವವರ ಹಾಗೆ ಕೈ ಎತ್ತಿ ಕಿವಿಗೆ ಅಡ್ಡ ಹಿಡಿದರು.

"ಸರ್, ತಪ್ಪು ತಿಳ್ಕೋಬ್ಯಾಡ್ರಿ. ಟ್ರೆಬಲ್ ಭಾಳ ಐತೆ. ಕಿವಿ ಚುಚ್ಚತೈತೆ."

ನಾನು ಒಪ್ಪಲಿಲ್ಲ. ಅವರು ಮುಂದಿನ ವಾರ ಲ್ಯಾಪ್‌ಟಾಪ್ ತಂದು, ಒಂದು ಮೈಕನ್ನು ನನ್ನ ಕುರ್ಚಿಯ ಮೇಲೆ ನಿಲ್ಲಿಸಿ, ಸ್ಪೀಕರಿನಿಂದ ಬರುವುದನ್ನೆಲ್ಲ ಅಳೆದರು. ಪರದೆಯ ಮೇಲೆ ಒಂದು ಗೀಟು ಬಂತು. ಎಡಗಡೆಯಿಂದ ಸಪಾಟಾಗಿ ಬಂದು, ಬಲಗಡೆಗೆ ಹೋಗುತ್ತಾ ಹೋಗುತ್ತಾ ಗುಡ್ಡ ಹತ್ತಿತ್ತು.

"ಇದು ಉದ್ದಕ್ಕೂ ಸಪಾಟಾಗಿ ಇರ್ಬೇಕು ಸರ್. ಸ್ಪೀಕರ್ ತಪ್ಪಲ್ಲ. ಪ್ರೀಆಂಪ್‌ನಾಗೆ ಏನೋ ಎಡವಟ್ಟು ಮಾಡ್ಯಾರೆ. ಯಾರು ಮಾಡಿದ್ದಿದು?"

"ಹರಿಹರದಾಗೆ ಒಬ್ಬಾತ" ಎಂದೆ.

ನಲವತ್ತು ವರ್ಷದ ಗೆಳೆಯನನ್ನು ಒಬ್ಬಾತ ಎಂದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಬಂದ ಗಾದೆಯಲ್ಲ. ಆ ಕ್ಷಣಕ್ಕೆ ನನ್ನ ತಲೆಯಲ್ಲಿದ್ದದ್ದು ಒಂದೇ: ಇಷ್ಟು ವರ್ಷ ಎಷ್ಟು ಜನರನ್ನು ಕೂರಿಸಿಕೊಂಡು ಈ ಕಿರುಚಾಟ ಕೇಳಿಸಿದ್ದೇನೆ, ಅವರೆಲ್ಲ ಹೊರಗೆ ಹೋಗಿ ಏನೆಂದುಕೊಂಡಿರಬೇಕು. ಎಲ್ಲರಿಗೂ ಕಿರುಚಾಟವಾದದ್ದು ನನಗೆ ಮಾತ್ರ ಯಾಕೆ ಅಮೃತವಾಗಿತ್ತು ಎಂಬ ಪ್ರಶ್ನೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ನನಗೆ ಸಿಟ್ಟು ಬಂದಾಗ ಪ್ರಶ್ನೆಗಳು ಬರುವುದಿಲ್ಲ, ಉತ್ತರಗಳೇ ಬರುತ್ತವೆ.

ಡಾಕ್ಟರು ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ ಮೂರು ಪ್ರೀಆಂಪ್ ತರಿಸಿದರು. ಕೇಳಿ ನೋಡಿ, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕಳಿಸುವುದು. ಅವರ ಮನೆಯ ಮೇಲಿನ ಕೋಣೆಯಲ್ಲಿ ಗುಂಪಿನ ನಾಲ್ಕೈದು ಜನ ಸೇರಿದೆವು. ಮೊದಲನೆಯದರ ನೆತ್ತಿಯ ಮೇಲೆ ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಎರಡನೆಯದು ಬೆಳ್ಳಿ ಬಣ್ಣದ್ದು, ಎದ್ದು ಹೋಗದೆ ರಿಮೋಟಿನಲ್ಲೇ ನಡೆಸಬಹುದು. ಮೂರನೆಯದು ಕರಿಯದು, ಎತ್ತಲು ಇಬ್ಬರು ಬೇಕು ಅನ್ನುವಷ್ಟು ಭಾರ. ಒಂದೊಂದರಲ್ಲೂ ಅದೇ ರೆಕಾರ್ಡನ್ನು ಹಾಕಿದರು.

ನನಗೆ ಮೂರೂ ಒಂದೇ ಥರ ಕೇಳಿದವು, ಮಂಕಾಗಿ. ಗಾಯಕ ಕಂಬಳಿ ಹೊದ್ದು ಹಾಡುತ್ತಿದ್ದಾನೆ ಅನ್ನಿಸಿತು. ಸುತ್ತಲಿದ್ದವರು ಕಣ್ಣು ಮುಚ್ಚಿ, ಏನು ಸ್ಮೂತ್ ಐತ್ರಿ, ಏನು ಡೀಟೇಲ್ ಐತ್ರಿ ಎಂದು ತಲೆದೂಗುತ್ತಿದ್ದರು. ನಾನೂ ತೂಗಿದೆ. ಬಂಗಾರದ ಕಿವಿಯವನು ನನಗೇನೂ ಕೇಳುತ್ತಿಲ್ಲ ಎಂದು ಹೇಳುವುದು ಹೇಗೆ?

ಯಾವುದು ಸರ್, ಎಂದು ಡಾಕ್ಟರು ಕೇಳಿದರು. ನಾನು ಎದ್ದು ಹೋಗಿ ಮೂರರ ಗುಂಡಿಗಳನ್ನೂ ತಿರುಗಿಸಿ ನೋಡಿದೆ. ಕರಿಯದರ ಗುಂಡಿ ಗಟ್ಟಿ ಲೋಹದ್ದು, ಬೆರಳಿಗೆ ತಣ್ಣಗೆ, ಎಲ್ಲೂ ತಡೆಯದೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿಗೆ ನಾನು ಹೇಳುತ್ತಿದ್ದದ್ದು ಇದನ್ನೇ: ಕಣ್ಣು ಮೋಸ ಹೋಗುತ್ತೆ, ಕೈ ಮೋಸ ಹೋಗಲ್ಲ, ಮುಟ್ಟಿ ನೋಡ್ರಿ. ಶಾಮನೂರಿನ ಕಡೆಯ ಹೆಂಗಸರು ಸೀರೆಯ ಸೆರಗನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ ಕೊಳ್ಳುತ್ತಿದ್ದ ಹಾಗೆ ನಾನು ಹಾಡಿನ ಸಾಮಾನನ್ನು ಕೈಯಲ್ಲಿ ಕೊಂಡೆ.

ಮನೆಗೆ ಬಂದು ಜೋಡಿಸಿದ ಮೇಲೂ ಮಂಕೇ. ಹೊಸ ಸಾಮಾನು ಸ್ವಲ್ಪ ದಿನ ಓಡಲಿ, ಆಮೇಲೆ ಬಿಚ್ಚಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದು ಬಿಚ್ಚಿಕೊಳ್ಳುವವರೆಗೆ ನನ್ನ ಸಿಟ್ಟು ಕಾಯಲಿಲ್ಲ. ಹಳೆಯ ಪೆಟ್ಟಿಗೆಯನ್ನು ನಮ್ಮ ಅಂಗಡಿಯ ಕೈಚೀಲದಲ್ಲಿ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ.

ಅವನ ಮನೆಯಲ್ಲಿ ನೆಂಟರಿದ್ದರು. ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟು ಒಂದು ವರ್ಷವಾಗಿತ್ತು. ಬೀಗರು ಮೊದಲ ಸಲ ಊಟಕ್ಕೆ ಬಂದಿದ್ದರು. ಮುಂದಿನ ಕೋಣೆಯ ಮೇಜನ್ನು ಗೋಡೆಗೆ ಸರಿಸಿ, ಚಾಪೆಯ ಮೇಲೆ ಹೊಸ ಜಮಖಾನೆ ಹಾಸಿದ್ದರು. ನನ್ನನ್ನು ನೋಡಿ ಅವನ ಮುಖ ಅರಳಿತು. ಕೈಹಿಡಿದು ಒಳಗೆ ಕರೆದ.

"ಬಾರೋ, ಬಾ. ಒಳ್ಳೆ ಟೈಮಿಗೆ ಬಂದಿ" ಎಂದವನು ಬೀಗರ ಕಡೆಗೆ ತಿರುಗಿ, "ಇವನೇ ನೋಡ್ರಿ ನಾನು ಹೇಳ್ತಿದ್ದ ದಾವಣಗೆರೆ ದೋಸ್ತ್. ಇವನ ಕಿವಿ ಬಂಗಾರ" ಎಂದ.

ನಾನು ಕೂರಲಿಲ್ಲ. ಚೀಲದಿಂದ ಪೆಟ್ಟಿಗೆ ತೆಗೆದು ಜಮಖಾನೆಯ ಮೇಲೆ, ಬೀಗರ ಟೀ ಕಪ್ಪಿನ ಪಕ್ಕ ಇಟ್ಟೆ.

"ನನ್ನ ಕಿವಿ ಬಂಗಾರಾನೇ. ನಿನ್ನ ಕೆಲಸ ಹಿತ್ತಾಳೆ. ಮಿಷಿನ್ ಹಚ್ಚಿ ಅಳೆಸೀನಿ. ಇಷ್ಟು ವರ್ಷ ನನ್ನ ಕಿವಿ ಮ್ಯಾಲೆ ಹೂವಿಟ್ಟಿ. ಬಂದೋರ ಮುಂದೆಲ್ಲ ನನ್ನ ಮಾನ ಹೋತು. ತಗೋ, ನಿನ್ನ ಡಬ್ಬಿ ನೀನೇ ಇಟ್ಕೋ."

ಬೀಗರು ಕಪ್ಪಿನೊಳಗೆ ನೋಡುತ್ತಿದ್ದರು. ಅಡುಗೆ ಮನೆಯ ಪರದೆಯ ಹಿಂದೆ ಪಾತ್ರೆಯ ಸದ್ದು ನಿಂತಿತು. ಅವನು ನನ್ನ ಮುಖವನ್ನು ನೋಡಿದ. ನಾನು ಆ ನೋಟವನ್ನು ತಪ್ಪಿತಸ್ಥನ ನೋಟ ಎಂದುಕೊಂಡೆ.

"ಇರಬೇಕಪ್ಪಾ" ಎಂದ, ಎಂದಿನಂತೆ ದೊಡ್ಡ ದನಿಯಲ್ಲೇ. "ವಯಸ್ಸಾತು. ತಪ್ಪಾಗಿರಬೇಕು."

ಪೆಟ್ಟಿಗೆಯನ್ನು ಎತ್ತಿ ಮೇಜಿನ ಕೆಳಗೆ ಇಟ್ಟ. ಊಟ ಮಾಡಿಕೊಂಡು ಹೋಗು ಎಂದ. ನಾನು ಒಲ್ಲೆ ಎಂದೆ. ವಾಪಸು ಬರುವಾಗ ತುಂಗಭದ್ರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ನನಗೆ ಗೆದ್ದ ಖುಷಿ.

ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು ಅವನು. ಅದು ಏನೆಂದು ನನಗೆ ತಿಳಿಯಲು ಇನ್ನೂ ಒಂದೂವರೆ ತಿಂಗಳು ಬೇಕಾಯಿತು.

ಕರಿಯ ಪ್ರೀಆಂಪ್ ಬಿಚ್ಚಿಕೊಳ್ಳಲಿಲ್ಲ. ದಿನವಿಡೀ ಓಡಿಸಿದೆ, ತಂತಿಗಳನ್ನು ಬದಲಿಸಿದೆ, ಸ್ಪೀಕರನ್ನು ಗೋಡೆಯಿಂದ ಎಳೆದು ಮತ್ತೆ ಗೋಡೆಗೆ ತಳ್ಳಿದೆ. ತಂಬೂರಿ ಎಲ್ಲೋ ಪಕ್ಕದ ಬೀದಿಯಲ್ಲಿ ಮಿಡಿಯುತ್ತಿತ್ತು. ವ್ಯಾಪಾರಿಗೆ ಹೇಳಿ ಬದಲಿಗೆ ವಾಲ್ವಿನದನ್ನು ತರಿಸಿಕೊಂಡೆ, ಆಮೇಲೆ ಬೆಳ್ಳಿಯದನ್ನು. ಮೂರನ್ನೂ ಬೈದೆ. ಡಾಕ್ಟರು ಮತ್ತೆ ಬಂದು ಅಳೆದರು. ಗೀಟು ಈ ತುದಿಯಿಂದ ಆ ತುದಿಗೆ ದಾರ ಎಳೆದ ಹಾಗೆ ನೆಟ್ಟಗಿತ್ತು. ಅವರು ಲ್ಯಾಪ್‌ಟಾಪ್ ಮುಚ್ಚಿ, ವೈರು ಸುತ್ತುತ್ತಾ, ನನ್ನ ಕಡೆ ನೋಡದೆ ಹೇಳಿದರು.

"ಸರ್, ಒಂದ್ಸಲ ಕಿವಿ ತೋರಿಸ್ಕೊಳ್ರಿ."

ಅವರು ಹೋದ ಮೇಲೆ ನಾನು ಕೂಗಾಡಿದೆ. ಹಲ್ಲು ಕೀಳುವವನಿಗೆ ಕಿವಿಯ ಉಸಾಬರಿ ಯಾಕೆ ಎಂದೆ. ಬೆಂಗಳೂರಿನವರು ಕಳಪೆ ಮಾಲು ಸಾಗಿಸಿದ್ದಾರೆ ಎಂದೆ. ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟಳು.

"ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತೆ" ಎಂದಳು. "ಸಾಕು ಮಾಡ್ರಿ ಇನ್ನ. ನಿಮಗೆ ಕಿವಿ ಕೇಳ್ಸಲ್ಲ. ಕುಕ್ಕರ್ ಕೂಗಿದ್ದು ಕೇಳ್ಸಲ್ಲ, ಫೋನ್ ಬಡ್ಕೊಂಡಿದ್ದು ಕೇಳ್ಸಲ್ಲ. ಈಗಲ್ಲ, ಹನ್ನೆರಡು ವರ್ಷ ಆತು."

"ಮತ್ತೆ ಯಾಕ ಹೇಳ್ಲಿಲ್ಲ?"

"ಹೇಳೋರು ಯಾರು? ಮದ್ವಿ ಮನ್ಯಾಗೆ ನಿಮ್ಮ ಅಕ್ಕಾರು ಕಿವಿಗೊಂದು ಮಿಷಿನ್ ಹಾಕಿಸ್ಕೊಳ್ಳೋ ಅಂದಿದ್ದಕ್ಕೆ ಎಂಟು ದಿನ ನನ್ನ ಕೂಡ ಮಾತು ಬಿಟ್ರಿ. ನಾನೇನು ಅಂದಿದ್ದೆ ಆವಾಗ? ಹರಿಹರದ ಅಣ್ಣಾರು ಬಂದಾಗ ಅಡುಗೆ ಮನ್ಯಾಗೆ ನಿಂತು ಅತ್ತೆ. ಅವರು ಅಂದ್ರು, ಅವನಿಗೆ ಹೇಳಬ್ಯಾಡ ತಂಗಿ, ಮಿಷಿನ್ನಿಗೆ ಹೇಳ್ತೀನಿ ಅಂತ. ಡಬ್ಬಿ ಒಯ್ದು ನಿಮ್ಮ ಕಿವಿಗೆ ತಕ್ಕಂಗೆ ಮಾಡ್ಕೊಂಡು ಬಂದ್ರು. ವರ್ಷಕ್ಕೊಂದು ಸಲ ಕದ್ದು ಏರಿಸ್ತಿದ್ರು. ನೀವು ಹಾಡು ಹಾಕಿದ್ರೆ ನನ್ನ ತಲೆ ಸಿಡೀತಿತ್ತು. ಅದಕ್ಕೇ ಮಹಡಿಗೆ ಹೋಗ್ತಿದ್ದೆ. ನಮಗೆಲ್ಲಿಂದ ಬರಬೇಕು ಸಂಗೀತದ ಗಂಧ."

ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ನಾನು ಎದ್ದು ರೆಕಾರ್ಡ್ ಪ್ಲೇಯರಿನ ಮುಚ್ಚಳ ಹಾಕಿದೆ.

ಕಿವಿಯ ಡಾಕ್ಟರ ಬಳಿ ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಕೇಳಿಸಿದಾಗ ಬೆರಳು ಎತ್ತಿ ಎಂದರು. ಅದೇ ಆಟ. ಪರೀಕ್ಷೆ ಮಾಡುವ ಹುಡುಗಿ ಗಾಜಿನಾಚೆ ಗುಂಡಿ ಒತ್ತುತ್ತಲೇ ಇದ್ದಳು, ನನ್ನ ಕೈ ತೊಡೆಯ ಮೇಲೆ ಸುಮ್ಮನೆ ಕೂತಿತ್ತು. ಕೊಟ್ಟ ಕಾಗದದಲ್ಲಿ ಒಂದು ಗೀಟು, ಎಡಗಡೆಯಿಂದ ಸಪಾಟಾಗಿ ಬಂದು ಬಲಗಡೆಗೆ ಹೋಗುತ್ತಾ ಬಾವಿಗೆ ಇಳಿದಿತ್ತು. ಮಿಲ್ಲಿನಲ್ಲಿ ಕೆಲಸ ಮಾಡಿದ್ರಾ ಎಂದು ಡಾಕ್ಟರು ಕೇಳಿದರು. ಎಡಗಿವಿ ಜಾಸ್ತಿ ಹೋಗಿದೆ ಎಂದರು. ಹಲ್ಲಿನ ಡಾಕ್ಟರ ಲ್ಯಾಪ್‌ಟಾಪಿನ ಮೊದಲ ಗೀಟಿನ ಫೋಟೋ ನನ್ನ ಫೋನಿನಲ್ಲಿತ್ತು. ಆಚೆ ಬೆಂಚಿನ ಮೇಲೆ ಕೂತು ಎರಡನ್ನೂ ಪಕ್ಕ ಪಕ್ಕ ಹಿಡಿದೆ. ನನ್ನ ಕಿವಿಯ ಗೀಟು ಎಲ್ಲಿ ಇಳಿಯುತ್ತಿತ್ತೋ ಅಲ್ಲೇ ಗೆಳೆಯನ ಪೆಟ್ಟಿಗೆಯ ಗೀಟು ಏರುತ್ತಿತ್ತು. ನಾನು ಎಡವಟ್ಟು ಎಂದು ಎಸೆದು ಬಂದದ್ದು ನನ್ನ ಕಿವಿಯನ್ನು.

ಮಗ್ಗದ ಶೆಡ್ಡು ಕಿತ್ತುಕೊಂಡದ್ದನ್ನು ಅವನು ವರ್ಷ ವರ್ಷ ಚೂರು ಚೂರಾಗಿ ತಂದುಕೊಟ್ಟು ಹೋಗುತ್ತಿದ್ದ. ಬಲಗಡೆ ಕೂರುತ್ತಿದ್ದದ್ದು ಅದಕ್ಕೆ. ಕೂಗಿ ಮಾತಾಡುತ್ತಿದ್ದದ್ದು ಅದಕ್ಕೆ. ಬೀಗರೆದುರು ನಾನು ಅವನನ್ನು ಕಳ್ಳನ ಹಾಗೆ ನಿಲ್ಲಿಸಿದಾಗಲೂ, ಲೇ ಕೆಪ್ಪಾ, ಕೆಟ್ಟಿರೋದು ಡಬ್ಬಿಯಲ್ಲ ಎಂದು ಅವನು ಹೇಳಲಿಲ್ಲ. ಆಗಷ್ಟೇ ಅವರ ಮುಂದೆ ನನ್ನ ಕಿವಿ ಬಂಗಾರ ಎಂದಿದ್ದನಲ್ಲ, ಆ ಮಾತನ್ನು ಉಳಿಸಿಕೊಂಡ. ನನಗೆ ನನ್ನ ಮೇಲೆ ಅಸಹ್ಯವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಎರಡನ್ನೂ ಒಂದೇ ಬೆಳಿಗ್ಗೆ ಮಾಡಿ ಬಂದಿದ್ದೆ.

ಕಿವಿಯ ಮಿಷಿನ್ನು ಬರಲು ಹತ್ತು ದಿನವಾಯಿತು. ಅದು ಬಂದ ಮರುದಿನ, ಡಬ್ಬಿಯ ಸಮೇತ ಅದನ್ನು ಜೇಬಿನಲ್ಲಿಟ್ಟುಕೊಂಡು ಹರಿಹರಕ್ಕೆ ಹೋದೆ. ಹಾಕಿಕೊಂಡು ಹೋಗಬಹುದಿತ್ತು. ಬಸ್ಸಿನಲ್ಲಿ ಯಾರಾದರೂ ಗುರುತಿನವರು ಸಿಕ್ಕರೆ ಎಂಬ ಅಳುಕು. ಇಷ್ಟೆಲ್ಲ ಆದ ಮೇಲೂ.

ಅವನು ಮೇಜಿನ ಮುಂದೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬರ್ರಿ. ಕೂಡ್ರಿ" ಎಂದ.

ಎಂದೂ ನನ್ನನ್ನು ಬರ್ರಿ ಎಂದವನಲ್ಲ. ಸ್ಟೂಲು ಸರಿಸಿಕೊಟ್ಟು ತಾನು ನನ್ನ ಎಡಗಡೆಗೆ ಹೋಗಿ ಕೂತ. ದನಿ ಸಣ್ಣಗಿತ್ತು, ಎಲ್ಲರೂ ಎಲ್ಲರ ಜೊತೆ ಮಾತಾಡುವಷ್ಟು. ಅವನ ತುಟಿಯನ್ನೇ ನೋಡುತ್ತಾ ಅರ್ಧ ಹಿಡಿದೆ, ಅರ್ಧ ಬಿಟ್ಟೆ. ಮನೆಯಲ್ಲಿ ಎಲ್ಲರೂ ಆರಾಮ ಎಂದನೋ ಆರಾಮವೇ ಎಂದು ಕೇಳಿದನೋ, ನಾನು ಹ್ಞೂಂ ಎಂದೆ.

ಆಸ್ಪತ್ರೆಯ ಕಾಗದವನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಅವನು ಕನ್ನಡಕ ಹಾಕಿಕೊಂಡು ನೋಡಿದ, ಹೊಸ ವಿಷಯವೇನೂ ಅದರಲ್ಲಿ ಇಲ್ಲ ಎನ್ನುವ ಹಾಗೆ.

"ನನ್ನದು ತಪ್ಪಾತು. ಆ ಪೆಟ್ಟಿಗೆ ವಾಪಸ್ ಕೊಡೋ" ಎಂದೆ. ನನಗೇ ನನ್ನ ದನಿ ಜೋರು ಅನ್ನಿಸಿತು.

ಅವನು ಮೇಜಿನ ಕಡೆ ಕೈ ತೋರಿಸಿದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಂಡಿತು. ಕಾದ ಸೋಲ್ಡರ್ ಕಡ್ಡಿಯನ್ನು ಒರಗಿಸಿಡಲು ಒಂದು ಹಲಗೆ ಹಾಕಿಕೊಂಡಿದ್ದ. ಎರಡು ತೂತಿಗೆ ಬಿರಡೆ ಹೊಡೆದ ಸಾಗವಾನಿ ಹಲಗೆ. ಉದ್ದಕ್ಕೂ ಸುಟ್ಟ ಗೆರೆಗಳು ಬಿದ್ದಿದ್ದವು. ಒಳಗಿನ ಸಾಮಾನೆಲ್ಲ ಗೋಡೆಯ ಮೇಲಿನ ಬಿಸ್ಕತ್ತಿನ ಡಬ್ಬಿಗಳಿಗೆ ಹೋಗಿತ್ತು. ಯಾರಾದರೂ ಬೇಡವೆಂದು ತಿರುಗಿಸಿದ ಸೆಟ್ಟನ್ನು ಅವನು ಎಂದೂ ಇಟ್ಟುಕೊಂಡವನಲ್ಲ, ಅಂದೇ ಬಿಚ್ಚುತ್ತಿದ್ದ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ನನ್ನದನ್ನು ಇಟ್ಟಿರುತ್ತಾನೆ ಎಂದುಕೊಂಡು ಹೋಗಿದ್ದೆ.

ಇನ್ನೊಂದು ಮಾಡಿಕೊಡು ಎಂದೆ. ಅವನು ಮೇಜಿನ ಖಾನೆ ಎಳೆದು ಆ ಉದ್ದನೆಯ ನೋಟ್‌ಬುಕ್ ತೆಗೆದ. ನನ್ನ ಪುಟ ಹುಡುಕಿದ. ಅದರ ತುಂಬ ಪೆನ್ಸಿಲಿನ ಗೀಟುಗಳು, ಒಂದರ ಕೆಳಗೆ ಒಂದು. ಎಲ್ಲಕ್ಕಿಂತ ಮೇಲಿನದು ನೆಟ್ಟಗೆ ಇತ್ತು, ಅದರ ತುದಿಯಲ್ಲಿ ಒಂದು ಸಣ್ಣ ನಕ್ಷತ್ರ. ಕೆಳಗಿನವು ವರ್ಷ ವರ್ಷಕ್ಕೆ ಇಳಿಯುತ್ತಾ ಬಂದಿದ್ದವು. ನಾನು ಸ್ಪೀಕರ್ ಚೆಕ್ ಎಂದುಕೊಂಡು ಬೆರಳು ಎತ್ತಿದ್ದೆಲ್ಲ ಅಲ್ಲಿತ್ತು. ಅವನು ಪುಟವನ್ನು ಸ್ಕೇಲು ಇಟ್ಟು ನೀಟಾಗಿ ಹರಿದು, ಮಡಚಿ, ನನ್ನ ಕೈಗೆ ಕೊಟ್ಟ. ಆ ಮಾತನ್ನು ಮಾತ್ರ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದ, ಹಾಗಾಗಿ ಕೇಳಿಸಿತು.

"ಅಳತೆ ತಗೊಳ್ರಿ. ಯಾರಿಗೆ ಕೊಟ್ರೂ ಮಾಡಿಕೊಡ್ತಾರೆ."

ಟೀ ಬಂತು, ಕುಡಿದೆ. ಬೇರೆಯವರಿಗೆ ಹೊಲಿಯಲು ಹೇಳು ಎಂದು ಅಳತೆ ಬರೆದುಕೊಡುವ ದರ್ಜಿಗಳನ್ನು ನಾನು ಅಂಗಡಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅದರ ಅರ್ಥ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಾಗಿಲವರೆಗೆ ಬಂದ. ನಾನು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಹಿಂದಿನಿಂದ ಏನೋ ಅಂದ. ತಿರುಗಿ ನೋಡಿದೆ. ಇನ್ನೊಂದು ಸಲ ತುಟಿ ಆಡಿತು. ರಸ್ತೆಯಲ್ಲಿ ಆಟೋ ಹೋಗುತ್ತಿತ್ತು, ಎಡಗಿವಿ ಅವನ ಕಡೆಗಿತ್ತು. ಮುಂದಿನ ಭಾನುವಾರ ಬರ್ತೀನಿ ಎಂದನೋ, ಇನ್ನು ಈ ಕಡೆ ಬರಬ್ಯಾಡ್ರಿ ಎಂದನೋ. ಮಿಷಿನ್ನು ಜೇಬಿನಲ್ಲಿತ್ತು. ಅವನ ಎದುರಿಗೇ ತೆಗೆದು ಕಿವಿಗೆ ಹಾಕಿಕೊಂಡು, ಏನಂದೆ, ಇನ್ನೊಂದ್ಸಲ ಹೇಳು ಎಂದು ಕೇಳಬಹುದಿತ್ತು. ಕೈ ಜೇಬಿನವರೆಗೂ ಹೋಯಿತು. ಅಲ್ಲೇ ನಿಂತಿತು. ನಾನು ಹ್ಞೂಂ, ಹ್ಞೂಂ ಎಂದು ತಲೆಯಾಡಿಸಿ ಬಸ್ ನಿಲ್ದಾಣದ ಕಡೆ ನಡೆದೆ.

ಆ ಭಾನುವಾರ ಅವನು ಬರಲಿಲ್ಲ, ನಾನೂ ಹೋಗಲಿಲ್ಲ. ಬೆಳ್ಳಿಯ ಪೆಟ್ಟಿಗೆ ಕಪಾಟಿನಲ್ಲಿದೆ, ರಿಮೋಟಿನ ಸಮೇತ. ಈಗ ಹೆಂಡತಿ ಮಹಡಿಗೆ ಹೋಗುವುದಿಲ್ಲ, ಸೋಫಾದ ಮೇಲೆ ಕೂತು ಕೇಳುತ್ತಾಳೆ, ಚೆನ್ನಾಗೈತೆ ಎನ್ನುತ್ತಾಳೆ. ನಾನು ಮಿಷಿನ್ನು ಹಾಕಿಕೊಂಡು ಅವಳ ಪಕ್ಕ ಕೂರುತ್ತೇನೆ. ಯಾವ ಮಾತಿಗೆ ಹ್ಞೂಂ ಎಂದು ಬಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.